ಬಲಾಢ್ಯ ದೇಶದ ಮೇಲೆ ಜನರಿಗೆ ಬರುವ ಸಿಟ್ಟು: ಅದು ಹಣದ್ದೋ, ಕಾನೂನಿನದ್ದೋ?

ಇತಿಹಾಸದ ವಿದ್ಯಾರ್ಥಿ (ಚರ್ಚೆ ಆರಂಭಿಸಿದವರು)

ಬಲಾಢ್ಯ ದೇಶವೊಂದರ ಹಣ, ಕಂಪನಿ, ಸೈನ್ಯ ತಮ್ಮ ನೆಲದಲ್ಲಿ ಬೇರೂರಿದಾಗ ಜನ ಏಕೆ ರೊಚ್ಚಿಗೇಳುತ್ತಾರೆ ಎಂದು ಕೇಳಿದರೆ ನಾವೆಲ್ಲ ಥಟ್ಟನೆ ಕೊಡುವ ಉತ್ತರ ‘ಲೂಟಿ’. ಎಣ್ಣೆ ಹೋಯಿತು, ಗಣಿ ಹೋಯಿತು, ಜಮೀನು ಹೋಯಿತು ಎನ್ನುತ್ತೇವೆ. ಈ ಉತ್ತರ ಸುಳ್ಳೆಂದು ನಾನು ಹೇಳುತ್ತಿಲ್ಲ. ಆದರೆ ಕೆಲವು ತಿಂಗಳಿಂದ ಇರಾನಿನ ಇತಿಹಾಸವನ್ನು ಓದುತ್ತಿರುವ ನನಗೆ, ಹಣಕ್ಕಿಂತ ಮೊದಲು ಇನ್ನೊಂದು ಪ್ರಶ್ನೆ ಜನರನ್ನು ಕೆಣಕುತ್ತದೆ ಎನಿಸತೊಡಗಿದೆ: ನಮ್ಮ ನೆಲದಲ್ಲಿ ನಿಂತ ಪರದೇಶದವನು ತಪ್ಪು ಮಾಡಿದರೆ ಅವನನ್ನು ವಿಚಾರಿಸಿಕೊಳ್ಳುವ ಹಕ್ಕು ಯಾರದು? ಈ ಅನಿಸಿಕೆಯನ್ನು ಇಲ್ಲಿನವರ ಮುಂದಿಟ್ಟು ಒರೆಗೆ ಹಚ್ಚಬೇಕೆಂಬುದು ನನ್ನ ಆಸೆ.

ಹಣದ ಲೆಕ್ಕದಿಂದಲೇ ಆರಂಭಿಸುತ್ತೇನೆ. 1901ರಲ್ಲಿ ಇರಾನಿನ ದೊರೆ ಡಾರ್ಸಿ ಎಂಬ ಬ್ರಿಟಿಷ್ ಉದ್ಯಮಿಗೆ ಕೊಟ್ಟ ಎಣ್ಣೆಯ ಹಕ್ಕಿನ ಅವಧಿ 60 ವರ್ಷ. ಪ್ರತಿಯಾಗಿ ಇರಾನಿಗೆ ಸಲ್ಲಬೇಕಿದ್ದದ್ದು ನಿವ್ವಳ ಲಾಭದ ಶೇ. 16 ಭಾಗ. 1951ರಲ್ಲಿ ಮೊಹಮ್ಮದ್ ಮೊಸದ್ದೆಕ್ ಅವರ ನೇತೃತ್ವದಲ್ಲಿ ಎಣ್ಣೆ ಉದ್ಯಮದ ರಾಷ್ಟ್ರೀಕರಣವಾಯಿತು, 1953ರ ಆಗಸ್ಟ್‌ನಲ್ಲಿ ಅಮೆರಿಕ ಮತ್ತು ಬ್ರಿಟನ್ನಿನ ಗುಪ್ತಚರ ಸಂಸ್ಥೆಗಳು ಸೇರಿ ಪ್ರಧಾನಿಯಾಗಿದ್ದ ಅವರನ್ನು ಅಧಿಕಾರದಿಂದ ಕೆಡವಿದವು, ಮರುವರ್ಷ ಪಾಶ್ಚಾತ್ಯ ಕಂಪನಿಗಳ ಒಕ್ಕೂಟದೊಡನೆ ಹೊಸ ಒಪ್ಪಂದವಾಯಿತು. ಆ ಒಪ್ಪಂದದಲ್ಲಿ ಇರಾನಿನ ಪಾಲು ಲಾಭದ ಅರ್ಧಕ್ಕೆ ಏರಿತ್ತು ಎಂಬುದನ್ನು ಗಮನಿಸಬೇಕು. ಬೊಕ್ಕಸಕ್ಕೆ ಬರುವ ಹಣ ಹೆಚ್ಚಿತು, ಸಿಟ್ಟು ಇಳಿಯಲಿಲ್ಲ.

ಆ ಸಿಟ್ಟು ಮಾತಾಗಿ ಹೊರಬಿದ್ದದ್ದು 1964ರ ಅಕ್ಟೋಬರಿನಲ್ಲಿ. ಇರಾನಿನಲ್ಲಿದ್ದ ಅಮೆರಿಕದ ಸೇನಾ ಸಲಹೆಗಾರರಿಗೂ ಅವರ ಕುಟುಂಬದವರಿಗೂ ಅಲ್ಲಿನ ನ್ಯಾಯಾಲಯಗಳಿಂದ ವಿನಾಯಿತಿ ಕೊಡುವ ಕಾಯ್ದೆಯನ್ನು ಸಂಸತ್ತು ಅಂಗೀಕರಿಸಿತು. ಅದರ ಬೆನ್ನಿಗೇ 20 ಕೋಟಿ ಡಾಲರ್ ಸಾಲದ ಏರ್ಪಾಡೂ ಮಂಜೂರಾಯಿತು. ಕೋಮ್ ನಗರದಲ್ಲಿ ಧರ್ಮಗುರು ಖೊಮೇನಿ ಮಾಡಿದ ಭಾಷಣದ ತಿರುಳನ್ನು ನನ್ನ ಮಾತಿನಲ್ಲಿ ಹೇಳುವುದಾದರೆ ಇಷ್ಟು: ಅಮೆರಿಕದವನ ನಾಯಿಯ ಮೇಲೆ ಇರಾನಿನ ದೊರೆಯೇ ಗಾಡಿ ಹರಿಸಿದರೂ ವಿಚಾರಣೆ ಉಂಟು, ಅಮೆರಿಕದ ಅಡುಗೆಯವನು ಇರಾನಿನ ದೊರೆಯ ಮೇಲೆಯೇ ಗಾಡಿ ಹರಿಸಿದರೂ ಕೇಳುವವರಿಲ್ಲ. ಖೊಮೇನಿ ಮುಂದೆ ಏನು ಮಾಡಿದರು ಎಂಬುದು ಬೇರೆಯೇ ಚರ್ಚೆ, ಅದನ್ನು ನಾನು ಇಲ್ಲಿ ಸಮರ್ಥಿಸುತ್ತಿಲ್ಲ. ಆದರೆ ಭಾಷಣಕಾರನಾಗಿ ಅವರು ಎಣ್ಣೆಯ ಪೀಪಾಯಿಯನ್ನು ಎತ್ತಿಕೊಳ್ಳದೆ ನಾಯಿಯನ್ನೂ ಅಡುಗೆಯವನನ್ನೂ ಎತ್ತಿಕೊಂಡದ್ದು ಸುಮ್ಮನೆ ಅಲ್ಲ. ನವೆಂಬರ್ 4ರಂದು ಅವರನ್ನು ಗಡೀಪಾರು ಮಾಡಲಾಯಿತು. ಸರಿಯಾಗಿ 15 ವರ್ಷಗಳ ನಂತರ, 1979ರ ಅದೇ ನವೆಂಬರ್ 4ರಂದು, ವಿದ್ಯಾರ್ಥಿಗಳು ತೆಹರಾನಿನ ಅಮೆರಿಕ ರಾಯಭಾರ ಕಚೇರಿಯೊಳಗೆ ನುಗ್ಗಿದರು.

ಲೆಕ್ಕಿಗ

ತಮ್ಮ ವಾದ ಚೆನ್ನಾಗಿದೆ, ಆದರೆ ಹಣವನ್ನು ಹಿಂದಿನ ಸಾಲಿಗೆ ತಳ್ಳುವುದು ನನಗೆ ಒಪ್ಪಿಗೆಯಿಲ್ಲ. ಇಡೀ ಜೀವನ ಲೆಕ್ಕ ತಪಾಸಣೆಯಲ್ಲಿ ಕಳೆದವನಾದ್ದರಿಂದ ನಾನು ಗ್ವಾಟೆಮಾಲಾದ ಎರಡು ಅಂಕಿಗಳನ್ನು ಮುಂದಿಡುತ್ತೇನೆ.

ಅಲ್ಲಿ ಯುನೈಟೆಡ್ ಫ್ರೂಟ್ ಎಂಬ ಅಮೆರಿಕದ ಬಾಳೆಹಣ್ಣಿನ ಕಂಪನಿ ದೇಶದ ಅತಿ ದೊಡ್ಡ ಭೂಮಾಲೀಕನಾಗಿತ್ತು. ರೈಲು ಮಾರ್ಗದ ಮೇಲೂ ಪ್ವೆರ್ಟೊ ಬಾರಿಯೋಸ್ ಬಂದರಿನ ಮೇಲೂ ಅದರದೇ ಹಿಡಿತವಿತ್ತು. ಜನ ಅದಕ್ಕೆ ‘ಎಲ್ ಪುಲ್ಪೊ’, ಅಂದರೆ ಎಂಟು ಕೈಗಳ ಕಡಲಪ್ರಾಣಿ, ಎಂದು ಹೆಸರಿಟ್ಟಿದ್ದರು. 1952ರ ಜೂನ್‌ನಲ್ಲಿ ಅಧ್ಯಕ್ಷ ಹಾಕೊಬೊ ಆರ್ಬೆನ್ಸ್ ಭೂಸುಧಾರಣೆಯ ಕಾಯ್ದೆ ತಂದು, ದೊಡ್ಡ ಹಿಡುವಳಿಗಳಲ್ಲಿ ಉಳುಮೆಯಿಲ್ಲದೆ ಬಿದ್ದಿದ್ದ ಭೂಮಿಯನ್ನು ವಶಪಡಿಸಿಕೊಂಡು ಭೂಹೀನರಿಗೆ ಹಂಚಲು ಹೊರಟರು. ಪರಿಹಾರ ಎಷ್ಟು? ತೆರಿಗೆ ಕಟ್ಟುವಾಗ ಮಾಲೀಕನೇ ಘೋಷಿಸಿಕೊಂಡ ಬೆಲೆಯಷ್ಟು. ಆ ಲೆಕ್ಕದಲ್ಲಿ ಕಂಪನಿಗೆ ಸರ್ಕಾರ ಕೊಡಲು ಒಪ್ಪಿದ್ದು 6,27,572 ಡಾಲರ್. ಪ್ರತಿಯಾಗಿ ಬಂದ ಬೇಡಿಕೆ 1,58,54,849 ಡಾಲರ್, ಅಂದರೆ ಇಪ್ಪತ್ತೈದು ಪಟ್ಟು. ತೆರಿಗೆ ಕಟ್ಟುವ ದಿನ ಒಂದು ಬೆಲೆ, ಪರಿಹಾರ ಕೇಳುವ ದಿನ ಇನ್ನೊಂದು ಬೆಲೆ! ಯಾವುದೇ ಲೆಕ್ಕ ತಪಾಸಕನು ಇದನ್ನು ನೋಡಿ ಪುಸ್ತಕ ಮುಚ್ಚಿಟ್ಟು ನಕ್ಕಾನು. ನಗುವ ಅವಕಾಶ ಗ್ವಾಟೆಮಾಲಾಕ್ಕೆ ಸಿಗಲಿಲ್ಲ. 1954ರ ಜೂನ್‌ನಲ್ಲಿ ಅಮೆರಿಕದ ಗುಪ್ತಚರ ಸಂಸ್ಥೆ ಸಜ್ಜುಗೊಳಿಸಿದ ಪಡೆ ಗಡಿ ದಾಟಿತು, ಆರ್ಬೆನ್ಸ್ ರಾಜೀನಾಮೆ ಕೊಟ್ಟರು. ಇಲ್ಲಿ ಹಣವಲ್ಲದೆ ಮತ್ತೇನಿದೆ ಎಂದು ತಾವೇ ಹೇಳಬೇಕು.

ಇತಿಹಾಸದ ವಿದ್ಯಾರ್ಥಿ

ಲೆಕ್ಕಿಗರೇ, ತಮ್ಮ ಎರಡು ಅಂಕಿಗಳ ನಡುವೆ ಒಂದು ಸಂಗತಿ ಸದ್ದಿಲ್ಲದೆ ದಾಟಿಹೋಗಿದೆ. ಆ 1,58,54,849 ಡಾಲರ್‌ಗಳ ಬೇಡಿಕೆಯ ಪತ್ರವನ್ನು ಬರೆದವರು ಯಾರು? ಕಂಪನಿಯ ವಕೀಲರು ಗ್ವಾಟೆಮಾಲಾದ ನ್ಯಾಯಾಲಯದಲ್ಲಿ ಹೂಡಿದ ದಾವೆಯಲ್ಲ ಅದು. ಅಮೆರಿಕದ ವಿದೇಶಾಂಗ ಇಲಾಖೆಯೇ ಕಳಿಸಿದ ಬೇಡಿಕೆ. ಆಗಿನ ವಿದೇಶಾಂಗ ಕಾರ್ಯದರ್ಶಿ ಜಾನ್ ಫಾಸ್ಟರ್ ಡಲ್ಲೆಸ್ ಹಿಂದೆ ಪಾಲುದಾರರಾಗಿದ್ದ ವಕೀಲರ ಸಂಸ್ಥೆ ಅದೇ ಕಂಪನಿಯ ಪರವಾಗಿ ಕೆಲಸ ಮಾಡಿತ್ತು. ಬೆಲೆಯಲ್ಲಿ ಜಗಳವಿದ್ದರೆ ನೆಲದ ನ್ಯಾಯಾಲಯಕ್ಕೆ ಹೋಗಬೇಕು. ಹಾಗೆ ಹೋಗದೆ ತನ್ನ ದೇಶದ ಬಲವನ್ನೇ ಕರೆತಂದಾಗ, ಹಣದ ಜಗಳ ಮತ್ತೇನೋ ಆಗಿಬಿಡುತ್ತದೆ. ನಾನು ಹೇಳಹೊರಟದ್ದು ಇಷ್ಟನ್ನೇ.

ಹಳೆಯ ನಾವಿಕ

ನಾನು ಓದಿದ್ದು ಕಡಿಮೆ, ನೋಡಿದ್ದು ಸ್ವಲ್ಪ ಹೆಚ್ಚು. ಸರಕು ಹಡಗಿನಲ್ಲಿ ಕೆಲಸ ಮಾಡುತ್ತಿದ್ದಾಗ ಪನಾಮಾ ಕಾಲುವೆಯನ್ನು ಹಲವು ಸಲ ದಾಟಿದ್ದೇನೆ. ಮೊದಲ ಸಲ ದಡಕ್ಕೆ ಇಳಿದು ಏನನ್ನೋ ಕೊಂಡಾಗ ಅಂಗಡಿಯಾಕೆ ಕೊಟ್ಟ ಚಿಲ್ಲರೆಯಲ್ಲಿ ಎರಡು ಬಗೆಯ ನಾಣ್ಯಗಳಿದ್ದವು. ಗಾತ್ರ ಒಂದೇ, ತೂಕ ಒಂದೇ, ಬಣ್ಣ ಒಂದೇ. ಮುಖ ಮಾತ್ರ ಬೇರೆ. ಒಂದು ಅಮೆರಿಕದ್ದು, ಇನ್ನೊಂದು ಪನಾಮಾದ ‘ಬಾಲ್ಬೊವಾ’. ನೋಟು ಕೊಡಿ ಎಂದರೆ ಸಿಗುವುದು ಡಾಲರ್ ಮಾತ್ರ, ಏಕೆಂದರೆ ಪನಾಮಾಕ್ಕೆ ಚಲಾವಣೆಯಲ್ಲಿರುವ ತನ್ನದೇ ನೋಟು ಇಲ್ಲ. 1904ರಿಂದ ಅಲ್ಲಿ ಡಾಲರೇ ನಡೆಯುತ್ತದೆ. ನನಗೆ ಇದು ದೊಡ್ಡ ಅವಮಾನದಂತೆ ಕಂಡಿತು. ಅಲ್ಲಿನವರೊಬ್ಬರಿಗೆ ಹಾಗೆಂದಾಗ ಅವರು ಭುಜ ಕುಣಿಸಿ ಸುಮ್ಮನಾದರು. ಆದರೆ ಕಾಲುವೆ ವಲಯದ ಬೇಲಿಯ ಮಾತು ಬಂದೊಡನೆ ಅದೇ ಮನುಷ್ಯನ ಧ್ವನಿ ಬದಲಾಯಿತು. ವಿದ್ಯಾರ್ಥಿಯವರ ಮಾತು ಓದಿದಾಗ ನನಗೆ ನೆನಪಾದದ್ದು ಅದೇ.

ಆ ಬೇಲಿಯ ಕಥೆ ಹೀಗಿದೆ. 1903ರ ನವೆಂಬರ್ 3ರಂದು ಪನಾಮಾ ಕೊಲಂಬಿಯಾದಿಂದ ಬೇರೆಯಾಯಿತು. ಹದಿನೈದು ದಿನಕ್ಕೆ, ನವೆಂಬರ್ 18ರಂದು, ಕಾಲುವೆಯ ಒಪ್ಪಂದಕ್ಕೆ ಪನಾಮಾದ ಪರವಾಗಿ ರುಜು ಹಾಕಿದವನು ಬ್ಯೂನೊ-ವಾರಿಯಾ ಎಂಬ ಫ್ರೆಂಚ್ ಎಂಜಿನಿಯರ್. ಪನಾಮಾದ ನಿಯೋಗ ವಾಷಿಂಗ್ಟನ್ ತಲುಪುವ ಮೊದಲೇ ಕೆಲಸ ಮುಗಿದುಹೋಗಿತ್ತು. ಕಾಲುವೆಯ ಎರಡೂ ಬದಿಗೆ ಐದೈದು ಮೈಲಿ ಭೂಮಿಯನ್ನು ಅಮೆರಿಕಕ್ಕೆ ಶಾಶ್ವತವಾಗಿ ಬಿಟ್ಟುಕೊಟ್ಟು, ಅಲ್ಲಿ ಅದು ತಾನೇ ಸಾರ್ವಭೌಮನೋ ಎಂಬಂತೆ ಅಧಿಕಾರ ನಡೆಸಬಹುದು ಎಂದು ಆ ಕಾಗದದಲ್ಲಿ ಬರೆದಿತ್ತು. ದೇಶದ ನಟ್ಟನಡುವೆ ಬೇರೆಯದೇ ಪೊಲೀಸು, ಬೇರೆಯದೇ ನ್ಯಾಯಾಲಯ, ಬೇರೆಯದೇ ಅಂಚೆ. ಕಾಲುವೆ ತೋಡಿದ ಕಾಲದಲ್ಲಿ ಬಿಳಿಯ ಅಮೆರಿಕನ್ನರಿಗೆ ಚಿನ್ನದ ಲೆಕ್ಕದಲ್ಲಿಯೂ ಕೆರಿಬಿಯನ್ ದ್ವೀಪಗಳಿಂದ ಬಂದ ಕಪ್ಪು ಕೂಲಿಗಳಿಗೆ ಬೆಳ್ಳಿಯ ಲೆಕ್ಕದಲ್ಲಿಯೂ ಸಂಬಳ ಕೊಡುತ್ತಿದ್ದರು. ಆ ‘ಚಿನ್ನ’ ಮತ್ತು ‘ಬೆಳ್ಳಿ’ ಎಂಬ ಗೆರೆ ಆಮೇಲೆ ಅಂಗಡಿಗಳಿಗೂ ಕುಡಿಯುವ ನೀರಿನ ನಲ್ಲಿಗಳಿಗೂ ಹಬ್ಬಿತು.

1964ರ ಜನವರಿ 9ರಂದು ಪನಾಮಾದ ಇನ್ಸ್ಟಿಟ್ಯೂಟೊ ನ್ಯಾಸಿಯೊನಾಲ್ ಶಾಲೆಯ ಸುಮಾರು 200 ಹುಡುಗ ಹುಡುಗಿಯರು ತಮ್ಮ ಶಾಲೆಯಲ್ಲಿದ್ದ ಪನಾಮಾದ ಬಾವುಟ ಹಿಡಿದು ವಲಯದೊಳಗಿನ ಬಾಲ್ಬೊವಾ ಪ್ರೌಢಶಾಲೆಗೆ ನಡೆದುಹೋದರು. ಎರಡೂ ದೇಶಗಳ ಬಾವುಟಗಳು ಒಟ್ಟಿಗೆ ಹಾರಬೇಕೆಂಬ ತಿಳಿವಳಿಕೆ ಅದಾಗಲೇ ಆಗಿತ್ತು. ಆದರೂ ಅಲ್ಲಿನ ಅಮೆರಿಕನ್ ವಿದ್ಯಾರ್ಥಿಗಳು ತಮ್ಮದೊಂದನ್ನೇ ಏರಿಸಿದ್ದರು. ನೂಕಾಟದಲ್ಲಿ ಪನಾಮಾದ ಬಾವುಟ ಹರಿಯಿತು. ಸಂಜೆಯ ಹೊತ್ತಿಗೆ ಬೇಲಿಯುದ್ದಕ್ಕೂ ಜನ ಸೇರಿದ್ದರು. ಗಲಭೆ ಮುಗಿಯುವಷ್ಟರಲ್ಲಿ ಪನಾಮಾದ 21 ಮಂದಿಯೂ ಅಮೆರಿಕದ ನಾಲ್ವರು ಸೈನಿಕರೂ ಸತ್ತಿದ್ದರು. ಬೇಲಿಯ ಪಕ್ಕದ ರಸ್ತೆಗೆ ಅಮೆರಿಕದ ಸ್ವಾತಂತ್ರ್ಯ ದಿನದ ಹೆಸರಿತ್ತು, ಅದನ್ನು ತೆಗೆದು ಹುತಾತ್ಮರ ಹೆಸರಿಟ್ಟರು. ಡಾಲರ್ ಮಾತ್ರ ಅಂದೂ ಚಲಾವಣೆಯಲ್ಲಿತ್ತು, ಇಂದೂ ಇದೆ.

ಸುದ್ದಿಮನೆಯಿಂದ

ನಾವಿಕರ ನಾಣ್ಯದ ಮಾತು ನನ್ನನ್ನು ಹಿಡಿದು ನಿಲ್ಲಿಸಿತು. ಆದರೂ ಜನರ ಸಿಟ್ಟು ಯಾವಾಗಲೂ ಸರಿಯಾದ ಗುರಿಯನ್ನೇ ಹುಡುಕಿಕೊಳ್ಳುತ್ತದೆ ಎಂಬ ಧ್ವನಿ ಈ ಚರ್ಚೆಯಲ್ಲಿ ಕೇಳುತ್ತಿರುವುದರಿಂದ ಸ್ವಲ್ಪ ತಡೆಯಬೇಕೆನಿಸುತ್ತದೆ. ಸಿಟ್ಟು ಕಣ್ಣಿಗೆ ಕಂಡದ್ದರ ಮೇಲೆ ಮೊದಲು ಬೀಳುತ್ತದೆ.

ಶ್ರೀಲಂಕಾದ ಹಂಬನ್‌ತೋಟ ಬಂದರನ್ನು ನೋಡಿ. 2017ರಲ್ಲಿ ಅದನ್ನು ಚೀನಾದ ಸರ್ಕಾರಿ ಒಡೆತನದ ಕಂಪನಿಗೆ 99 ವರ್ಷಗಳ ಗುತ್ತಿಗೆಗೆ ಕೊಟ್ಟು 112 ಕೋಟಿ ಡಾಲರ್ ಪಡೆಯಲಾಯಿತು. ಆ ವರ್ಷದ ಜನವರಿಯಲ್ಲಿಯೇ ಬಂದರು ಮತ್ತು ಅದರ ಸುತ್ತಲಿನ ಕೈಗಾರಿಕಾ ವಲಯದ ವಿರುದ್ಧ ಜನ ಬೀದಿಗಿಳಿದಿದ್ದರು. ‘ಚೀನಾ ಸಾಲ ಕೊಟ್ಟು ಬಂದರು ಕಿತ್ತುಕೊಂಡಿತು’ ಎಂಬ ಮಾತು ಆಗಿನಿಂದ ಜಗತ್ತಿನೆಲ್ಲೆಡೆ ಓಡಾಡುತ್ತಿದೆ. ವಾಸ್ತವದಲ್ಲಿ ಆ ಹಣದಿಂದ ಬಂದರಿನ ಸಾಲ ರದ್ದಾಗಲೇ ಇಲ್ಲ. ಅದು ದೇಶದ ವಿದೇಶಿ ವಿನಿಮಯದ ಕೊರತೆಯನ್ನು ತುಂಬಲು ಹೋಯಿತು, ಸಾಲ ಹಾಗೆಯೇ ಉಳಿಯಿತು. ಶ್ರೀಲಂಕಾದ ಕೊರಳಿಗೆ ಬಿಗಿದ ಉರುಳುಗಳಲ್ಲಿ ದೊಡ್ಡದು ಅಂತಾರಾಷ್ಟ್ರೀಯ ಮಾರುಕಟ್ಟೆಯಲ್ಲಿ ಮಾರಿದ ಬಾಂಡ್‌ಗಳದ್ದು. ಬಾಂಡ್ ಕೊಂಡವರಿಗೆ ಬಾವುಟವಿಲ್ಲ, ಕಟ್ಟಡವಿಲ್ಲ, ಕ್ರೇನಿನ ಮೇಲೆ ಬರೆದ ಹೆಸರಿಲ್ಲ. ಹಾಗಾಗಿ ಅವರ ವಿರುದ್ಧ ಘೋಷಣೆ ಕೂಗಲು ನಿಲ್ಲಬೇಕಾದ ಗೇಟು ಯಾವುದೆಂದೇ ಯಾರಿಗೂ ತಿಳಿಯದು.

2022ರ ಏಪ್ರಿಲ್‌ನಲ್ಲಿ ಶ್ರೀಲಂಕಾ ವಿದೇಶಿ ಸಾಲದ ಕಂತು ಕಟ್ಟುವುದನ್ನು ನಿಲ್ಲಿಸಿತು. ಆಗ ಕೊಲಂಬೊದ ಜನ ಕೂಗಿದ ಘೋಷಣೆ ಚೀನಾದ ವಿರುದ್ಧವೂ ಅಲ್ಲ, ಬಾಂಡ್‌ಗಳ ವಿರುದ್ಧವೂ ಅಲ್ಲ. ‘ಗೋಟಾ ಗೋ ಹೋಮ್’ ಎಂದು ತಮ್ಮದೇ ಅಧ್ಯಕ್ಷರ ವಿರುದ್ಧ. ಜುಲೈನಲ್ಲಿ ಅಧ್ಯಕ್ಷರ ನಿವಾಸದೊಳಗೇ ನುಗ್ಗಿದರು. ರುಜು ಹಾಕಿದ ಕೈ ಯಾರದೆಂದು ಅವರು ಕೊನೆಗೂ ಗುರುತಿಸಿದ್ದರು ಎಂದು ನಾನು ಭಾವಿಸುತ್ತೇನೆ.

ಅಧ್ಯಾಪಕಿ

ವಿದ್ಯಾರ್ಥಿಯವರ ಮೂಲ ಪ್ರಶ್ನೆಗೆ ಪೂರ್ವ ಏಷ್ಯಾದಿಂದ ಇನ್ನೂ ಸ್ಪಷ್ಟವಾದ ಉತ್ತರ ಸಿಗುತ್ತದೆ. ಜಪಾನಿಗೂ ದಕ್ಷಿಣ ಕೊರಿಯಾಕ್ಕೂ ಅಮೆರಿಕ ಮಿತ್ರರಾಷ್ಟ್ರ. ಅಲ್ಲಿ ಲೂಟಿಯ ಮಾತೇ ಬರುವುದಿಲ್ಲ.

ಜಪಾನಿನ ಭೂಭಾಗದಲ್ಲಿ ಒಕಿನಾವಾದ ಪಾಲು ಶೇ. 0.6 ಮಾತ್ರ, ಆದರೆ ಅಲ್ಲಿ ಅಮೆರಿಕದ ಪಡೆಗಳಿಗೆಂದೇ ಮೀಸಲಾದ ನೆಲೆಗಳ ಸುಮಾರು ಶೇ. 70 ಭಾಗ ಆ ದ್ವೀಪಗಳ ಮೇಲಿದೆ. 1995ರ ಸೆಪ್ಟೆಂಬರ್‌ನಲ್ಲಿ ಮೂವರು ಅಮೆರಿಕನ್ ಸೈನಿಕರು 12 ವರ್ಷದ ಶಾಲಾ ಬಾಲಕಿಯನ್ನು ಅಪಹರಿಸಿ ಅತ್ಯಾಚಾರ ಎಸಗಿದರು. ಸೇನೆಗೆ ಸಂಬಂಧಿಸಿದ 1960ರ ಒಪ್ಪಂದದ ಪ್ರಕಾರ, ದೋಷಾರೋಪ ಪಟ್ಟಿ ಸಲ್ಲಿಕೆಯಾಗುವವರೆಗೆ ಆರೋಪಿಗಳನ್ನು ಅಮೆರಿಕದ ಸೇನೆ ತನ್ನ ಸುಪರ್ದಿಯಲ್ಲೇ ಇಟ್ಟುಕೊಳ್ಳಬಹುದಿತ್ತು. ಅಕ್ಟೋಬರ್ 21ರ ಸಭೆಗೆ ಸುಮಾರು 85 ಸಾವಿರ ಜನ ಸೇರಿದರು. ಅಪರಾಧದ ಭೀಕರತೆಯಷ್ಟೇ ಆ ‘ಇಟ್ಟುಕೊಳ್ಳಬಹುದು’ ಎಂಬ ಮಾತೂ ಅವರನ್ನು ಅಲ್ಲಿಗೆ ತಂದಿತ್ತು. ಅದರ ನಂತರ ಕೊಲೆ ಮತ್ತು ಅತ್ಯಾಚಾರದ ಪ್ರಕರಣಗಳಲ್ಲಿ ಆರೋಪಿಯನ್ನು ಮೊದಲೇ ಒಪ್ಪಿಸುವ ಬಗ್ಗೆ ‘ಸಹಾನುಭೂತಿಯಿಂದ ಪರಿಶೀಲಿಸುತ್ತೇವೆ’ ಎಂದು ಅಮೆರಿಕ ಒಪ್ಪಿತು. ಆ ಪದವನ್ನು ಇನ್ನೊಮ್ಮೆ ಓದಿ. ಹಕ್ಕೆಂದು ಕೇಳಿದ್ದನ್ನು ದಯೆಯೆಂದು ಕೊಟ್ಟರು.

ದಕ್ಷಿಣ ಕೊರಿಯಾದಲ್ಲಿ 2002ರ ಜೂನ್ 13ರಂದು ರಸ್ತೆಯ ಬದಿಯಲ್ಲಿ ನಡೆದುಹೋಗುತ್ತಿದ್ದ ಇಬ್ಬರು ಶಾಲಾ ಬಾಲಕಿಯರು ಅಮೆರಿಕದ ಸೇನಾ ವಾಹನದಡಿ ಸಿಕ್ಕು ಸತ್ತರು. ಕರ್ತವ್ಯದ ವೇಳೆಯಲ್ಲಿ ಆದದ್ದೆಂಬ ಕಾರಣಕ್ಕೆ ವಿಚಾರಣೆ ಅಮೆರಿಕದ ಸೇನಾ ನ್ಯಾಯಾಲಯದಲ್ಲೇ ನಡೆಯಿತು; ನವೆಂಬರ್‌ನಲ್ಲಿ ಇಬ್ಬರೂ ಸೈನಿಕರು ಖುಲಾಸೆಯಾದರು. ಅಧ್ಯಕ್ಷ ಬುಷ್ ಅವರ ಕ್ಷಮಾಪಣೆಯನ್ನು ರಾಯಭಾರಿಯ ಮೂಲಕ ತಿಳಿಸಲಾಯಿತು, ಆದರೂ ಸೋಲ್ ನಗರದ ಬೀದಿಗಳಲ್ಲಿ ಮೇಣದಬತ್ತಿ ಹಿಡಿದು ನಿಂತವರ ಸಂಖ್ಯೆ ಏರುತ್ತಲೇ ಹೋಯಿತು. ಅದು ಅಪಘಾತವೇ ಆಗಿದ್ದಿರಬಹುದು. ಕೊರಿಯಾದ ನ್ಯಾಯಾಧೀಶರೊಬ್ಬರು ವಿಚಾರಣೆ ನಡೆಸಿ ಅದೇ ತೀರ್ಪು ಕೊಟ್ಟಿದ್ದರೆ ಅಷ್ಟು ಮೇಣದಬತ್ತಿಗಳು ಉರಿಯುತ್ತಿದ್ದವೇ ಎಂಬುದು ನನ್ನ ಅನುಮಾನ.

ಹೊಸ ಸದಸ್ಯ

ಇಲ್ಲಿಯವರೆಗೆ ಬಂದ ಉದಾಹರಣೆಗಳಲ್ಲೆಲ್ಲ ನಾವು ನೋವುಂಡವರ ಪಕ್ಕದಲ್ಲಿ ಆರಾಮವಾಗಿ ಕುಳಿತಿದ್ದೇವೆ. ಕನ್ನಡಿಯನ್ನು ಒಮ್ಮೆ ಈ ಕಡೆ ತಿರುಗಿಸೋಣವೇ? ನೇಪಾಳದವರ ಕಣ್ಣಿನಲ್ಲಿ ಆ ಬಲಾಢ್ಯ ದೇಶ ನಾವೇ.

2015ರ ಏಪ್ರಿಲ್‌ನ ಭೂಕಂಪದಲ್ಲಿ ನೇಪಾಳ ಸುಮಾರು 9 ಸಾವಿರ ಜನರನ್ನು ಕಳೆದುಕೊಂಡಿತ್ತು. ಸೆಪ್ಟೆಂಬರ್ 20ರಂದು ಹೊಸ ಸಂವಿಧಾನ ಜಾರಿಯಾಯಿತು, ಅದರ ಬೆನ್ನಿಗೇ ಗಡಿಯಲ್ಲಿ ಟ್ರಕ್ಕುಗಳು ನಿಂತವು. ಪೆಟ್ರೋಲ್, ಅಡುಗೆ ಅನಿಲ, ಔಷಧ ಎಲ್ಲಕ್ಕೂ ತತ್ವಾರವಾಯಿತು. ಕಠ್ಮಂಡುವಿನಲ್ಲಿ ಅರ್ಧ ತುಂಬಿದ ಅನಿಲದ ಸಿಲಿಂಡರಿಗಾಗಿ ಜನ ಸಾಲುಗಟ್ಟಿದರು, ಸೌದೆ ಒಲೆಗಳು ಮತ್ತೆ ಹೊತ್ತಿಕೊಂಡವು. ತಾನು ದಿಗ್ಬಂಧನ ಹೇರಿಲ್ಲ, ಆ ಸಂವಿಧಾನದ ವಿರುದ್ಧ ಎದ್ದ, ನೇಪಾಳದ ದಕ್ಷಿಣ ಬಯಲಿನ ಮಧೇಸಿ ಪ್ರತಿಭಟನಕಾರರು ದಾರಿ ತಡೆದಿದ್ದಾರೆ ಎಂದು ಭಾರತ ಹೇಳಿತು. ನೇಪಾಳದಲ್ಲಿ ಬಹಳಷ್ಟು ಮಂದಿ ಇದನ್ನು ನಂಬಲಿಲ್ಲ. ಒಂದು ಬೇಲಿಯನ್ನೂ ಕಟ್ಟದೆ, ಒಬ್ಬ ಸೈನಿಕನನ್ನೂ ಕಳಿಸದೆ ಹುಟ್ಟಿದ ಸಿಟ್ಟು ಅದು. ವಿದ್ಯಾರ್ಥಿಯವರ ‘ನ್ಯಾಯಾಲಯ’ದ ಸೂತ್ರಕ್ಕೆ ಇದು ಹೇಗೆ ಹೊಂದುತ್ತದೆ?

ಸುದ್ದಿಮನೆಯಿಂದ

ಒಳ್ಳೆಯ ಪ್ರಶ್ನೆ. ಒಂದು ಮಾತನ್ನು ಮಾತ್ರ ಸೇರಿಸುತ್ತೇನೆ: ಅದೇ ತಿಂಗಳುಗಳಲ್ಲಿ ತರಾಯಿ ಬಯಲಿನ ಮಧೇಸಿಗಳು ತಮ್ಮ ಪ್ರಾತಿನಿಧ್ಯಕ್ಕಾಗಿ ಹೋರಾಡುತ್ತಿದ್ದರು, ಹತ್ತಾರು ಜನ ಸತ್ತಿದ್ದರು. ಭಾರತದ ಮೇಲಿನ ಸಿಟ್ಟು ಕಠ್ಮಂಡುವಿನ ನಾಯಕರಿಗೆ ಆ ಪ್ರಶ್ನೆಯಿಂದ ನುಣುಚಿಕೊಳ್ಳಲು ಒಳ್ಳೆಯ ಮರೆಯಾಯಿತು. ಪರದೇಶದ ಮೇಲಿನ ಸಿಟ್ಟನ್ನು ಒಳಗಿನವರು ಕೊಡೆಯಂತೆ ಬಳಸುವುದೂ ಈ ವಿಷಯದ ಒಂದು ಭಾಗವೇ, ಅದನ್ನು ಬಿಟ್ಟು ಮಾತಾಡಿದರೆ ಚಿತ್ರ ಪೂರ್ತಿಯಾಗುವುದಿಲ್ಲ.

ಇತಿಹಾಸದ ವಿದ್ಯಾರ್ಥಿ

ಹೊಸ ಸದಸ್ಯರ ಪ್ರಶ್ನೆ ನನ್ನ ವಾದವನ್ನು ಸಡಿಲಿಸಿದೆ ಎಂದು ಒಪ್ಪಿಕೊಳ್ಳುತ್ತೇನೆ. ‘ನ್ಯಾಯಾಲಯ’ ಎಂದು ನಾನು ಹಿಡಿದದ್ದು ತೀರ ಕಿರಿದಾಯಿತು. ‘ಉತ್ತರದಾಯಿತ್ವ’ ಎಂದಿದ್ದರೆ ನೇಪಾಳವೂ ಒಳಗೆ ಬರುತ್ತಿತ್ತು, ಏಕೆಂದರೆ ಅಲ್ಲಿನ ಗೃಹಿಣಿಗೆ ತನ್ನ ಒಲೆ ಆರಿದ್ದು ಯಾರ ಅಪ್ಪಣೆಯಿಂದ ಎಂದು ಕೇಳಲು ಒಂದು ವಿಳಾಸವೇ ಇರಲಿಲ್ಲ. ‘ನಾವು ಏನೂ ಮಾಡಿಲ್ಲ’ ಎಂದವರನ್ನು ಯಾವ ಕಟಕಟೆಗೆ ಕರೆಯುವುದು? ಆದರೆ ಎಲ್ಲವನ್ನೂ ಒಂದೇ ಸೂತ್ರದಲ್ಲಿ ಪೋಣಿಸುವ ಹಟ ನನಗಿಲ್ಲ. 2016ರ ಮಾರ್ಚ್‌ನಲ್ಲಿ ನೇಪಾಳ ಚೀನಾದೊಂದಿಗೆ ಸರಕು ಸಾಗಣೆಯ ಒಪ್ಪಂದಕ್ಕೆ ಸಹಿ ಹಾಕಿದ್ದು ಇನ್ನೊಂದು ಬಲಾಢ್ಯ ದೇಶದ ಬಾಗಿಲು ತಟ್ಟಿದಂತೆಯೇ ಎಂಬುದೂ ನಿಜ.

ಲೆಕ್ಕಿಗ

ನನ್ನ ಮೊದಲ ಮಾತಿಗೇ ವಿರುದ್ಧವಾದ ಎರಡು ಲೆಕ್ಕಗಳು ಸಿಕ್ಕಿವೆ. ಪ್ರಾಮಾಣಿಕತೆಗಾಗಿ ಇಲ್ಲಿ ಬರೆಯುತ್ತಿದ್ದೇನೆ.

ಮೊದಲನೆಯದು ಫಿಲಿಪೀನ್ಸ್‌ನದು. ಸುಬಿಕ್ ಕೊಲ್ಲಿಯ ನೌಕಾನೆಲೆಯನ್ನು ಇನ್ನೂ ಹತ್ತು ವರ್ಷ ಉಳಿಸಿಕೊಳ್ಳಲು ಅಮೆರಿಕ ವರ್ಷಕ್ಕೆ 20.3 ಕೋಟಿ ಡಾಲರ್ ಕೊಡಲು ಮುಂದಾಗಿತ್ತು. 1991ರ ಸೆಪ್ಟೆಂಬರ್ 16ರಂದು ಅಲ್ಲಿನ ಸೆನೆಟ್, ವಿರುದ್ಧ 12 ಮತ್ತು ಪರ 11 ಮತಗಳು ಬಿದ್ದು, ಒಪ್ಪಂದವನ್ನು ತಿರಸ್ಕರಿಸಿತು. ಮರುವರ್ಷದ ನವೆಂಬರಿಗೆ ನೆಲೆ ಖಾಲಿಯಾಯಿತು. ಲೆಕ್ಕದ ಕಣ್ಣಿನಲ್ಲಿ ಅದು ನಷ್ಟದ ವ್ಯವಹಾರ. 2014ರಲ್ಲಿ, ದಕ್ಷಿಣ ಚೀನಾ ಸಮುದ್ರದಲ್ಲಿ ಚೀನಾದ ಒತ್ತಡ ಹೆಚ್ಚಿದಾಗ, ಅದೇ ಫಿಲಿಪೀನ್ಸ್ ಅಮೆರಿಕದ ಪಡೆಗಳನ್ನು ಮತ್ತೆ ಕರೆಯಿತು. ಆಗ ಎದ್ದ ತಕರಾರೂ ಹಣದ್ದಲ್ಲ: ಸೆನೆಟ್ಟಿನ ಮುಂದಿಡದೆ ಸರ್ಕಾರ ತಾನೇ ರುಜು ಹಾಕಬಹುದೇ ಎಂಬುದು. ಅದು ಸುಪ್ರೀಂ ಕೋರ್ಟಿನವರೆಗೆ ಹೋಗಿ 2016ರಲ್ಲಿ ಸರ್ಕಾರದ ಪರವಾಗಿ ತೀರ್ಮಾನವಾಯಿತು.

ಎರಡನೆಯದು ಒಂದು ಚೆಕ್. ಕ್ಯೂಬಾದ ಗ್ವಾಂಟಾನಮೊ ನೆಲೆಗಾಗಿ ಅಮೆರಿಕ ವರ್ಷಕ್ಕೆ 4,085 ಡಾಲರ್ ಬಾಡಿಗೆಯ ಚೆಕ್ ಬರೆಯುತ್ತದೆ. ಎರಡೂ ಕಡೆಯವರು ಒಪ್ಪಬೇಕು, ಇಲ್ಲವೇ ಅಮೆರಿಕ ತಾನಾಗಿ ಬಿಟ್ಟುಹೋಗಬೇಕು. ಅಲ್ಲಿಯವರೆಗೆ ಗುತ್ತಿಗೆ ಮುಗಿಯದು ಎಂದು 1934ರ ಒಪ್ಪಂದ ಹೇಳುತ್ತದೆ. ಕ್ರಾಂತಿಯ ಹೊಸತರಲ್ಲಿ ಒಂದು ಚೆಕ್ಕನ್ನು ನಗದು ಮಾಡಿಕೊಂಡದ್ದು ಬಿಟ್ಟರೆ ಕ್ಯೂಬಾ ಆಮೇಲೆ ಒಂದನ್ನೂ ಬ್ಯಾಂಕಿಗೆ ಹಾಕಿಲ್ಲ. ಹಣಕ್ಕೆ ಸದಾ ಪರದಾಡಿದ ದೇಶವದು. ನನ್ನ ಕೈಗೆ ಆ ಕಡತ ಬಂದಿದ್ದರೆ ಯಾವ ಶೀರ್ಷಿಕೆಯಡಿ ಜಮಾ ತೋರಿಸಬೇಕಿತ್ತೋ ತಿಳಿಯದು.

ಅಧ್ಯಾಪಕಿ

ನಾವಿಕರೇ, ಒಂದು ಕುತೂಹಲ. 1977ರ ಒಪ್ಪಂದದಂತೆ 1999ರ ಡಿಸೆಂಬರ್ 31ರಂದು ಕಾಲುವೆ ಪನಾಮಾದ ಕೈಗೆ ಬಂತು. ತಾವು ಅದಕ್ಕೂ ಮೊದಲೂ ಅದರ ನಂತರವೂ ದಾಟಿದ್ದರೆ, ಹಡಗಿನ ಮೇಲೆ ನಿಂತವರಿಗೆ ಏನಾದರೂ ವ್ಯತ್ಯಾಸ ಕಾಣುತ್ತಿತ್ತೇ?

ಹಳೆಯ ನಾವಿಕ

ಮೇಡಂ, ನೀರಿನಲ್ಲಿ ಏನೂ ವ್ಯತ್ಯಾಸವಿಲ್ಲ. ನೀರು ತುಂಬಿ ಇಳಿಸಿ ಹಡಗನ್ನು ಏರಿಳಿಸುವ ಅದೇ ‘ಲಾಕ್’ ಕಟ್ಟೆಗಳು, ಎರಡೂ ದಡದಿಂದ ಹಗ್ಗ ಹಿಡಿದು ಹಡಗನ್ನು ನೇರವಾಗಿರಿಸುವ ಅದೇ ಎಂಜಿನ್ನುಗಳು, ಅದೇ ಸೆಕೆ. ಬೇರೆಲ್ಲ ಬಂದರುಗಳಲ್ಲಿ ದಾರಿ ತೋರಿಸಲು ಹತ್ತುವ ಪೈಲಟ್ ಕ್ಯಾಪ್ಟನ್ನಿಗೆ ಸಲಹೆ ಕೊಡುತ್ತಾನೆ, ಅಪ್ಪಣೆ ಕ್ಯಾಪ್ಟನ್ನಿನದೇ. ಪನಾಮಾದಲ್ಲಿ ಹಾಗಲ್ಲ. ಪೈಲಟ್ ಹತ್ತಿದ ಮೇಲೆ ಹಡಗನ್ನು ನಡೆಸುವ ಅಧಿಕಾರ ಪೂರ್ತಿ ಅವನದು, ಹಡಗಿನ ಮೇಲೆ ಯಾವ ದೇಶದ ಬಾವುಟವಿದ್ದರೂ ಸರಿ. ಈ ನಿಯಮ ಅಮೆರಿಕದ ಕಾಲದಿಂದಲೂ ಬಂದದ್ದು, ಪನಾಮಾ ಅದನ್ನು ಹಾಗೆಯೇ ಉಳಿಸಿಕೊಂಡಿದೆ. ನನ್ನ ಕೊನೆಯ ಪ್ರಯಾಣದಲ್ಲಿ ಹತ್ತಿದ ಪೈಲಟ್ ಸಣ್ಣ ವಯಸ್ಸಿನ ಪನಾಮಾದ ಹುಡುಗ. ನಮ್ಮ ಕ್ಯಾಪ್ಟನ್ ಏನನ್ನೋ ಹೇಳಲು ಬಾಯಿ ತೆರೆದರು. ಅವನು ಕೈ ಎತ್ತಿ, ಬಹಳ ಸೌಜನ್ಯದಿಂದ, ಸ್ವಲ್ಪ ತಡೆಯಿರಿ ಎಂದು ಸನ್ನೆ ಮಾಡಿ, ಚುಕ್ಕಾಣಿ ಹಿಡಿದವನಿಗೆ ತನ್ನ ಅಪ್ಪಣೆಯನ್ನು ಕೊಟ್ಟ. ಕ್ಯಾಪ್ಟನ್ ಬಾಯಿ ಮುಚ್ಚಿಕೊಂಡು ಕಾಫಿ ತರಿಸಿದರು, ಇಬ್ಬರಿಗೂ.